ತುರಿಕೆಗೆ ಹಚ್ಚುವ ಮುಲಾಮು: ಬೇಗ ತಣಿಸಿದ್ದೇ ಮದ್ದೆ?

ಬಸವಕಲ್ಯಾಣ/ಹುಮನಾಬಾದ್: ಬಸವಕಲ್ಯಾಣದಲ್ಲಾಗಲಿ, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಹುಮನಾಬಾದಿನಲ್ಲಾಗಲಿ, ಸಂಜೆ ಹೊತ್ತು ಔಷಧಿ ಅಂಗಡಿಯೊಂದರ ಮುಂದೆ ನಿಂತರೆ ಒಂದು ಕೋರಿಕೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಕಡಿತಕ್ಕ ಒಂದು ಟ್ಯೂಬ್ ಕೊಡ್ರಿ’. ಕೇಳುವವರು ಕನ್ನಡದವರಾದರೆ ಕಡಿತ ಅಥವಾ ತುರಿಕೆ, ಮರಾಠಿಯವರಾದರೆ ಖಾಜ, ದಖನಿ ಮಾತನಾಡುವವರಾದರೆ ಖುಜಲಿ, ತೆಲುಗಿನವರಾದರೆ ದುರದ. ಮಾತು ನಾಲ್ಕು ಬಗೆಯದಾದರೂ ಕೈಗೆ ಬರುವ ಟ್ಯೂಬು ಬಹುಮಟ್ಟಿಗೆ ಒಂದೇ ಬಗೆಯದು. ಎಲ್ಲಿ ತುರಿಸುತ್ತದೆ, ಎಷ್ಟು ದಿನದಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳುವ ಅಂಗಡಿಯವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಕೊಳ್ಳುವವರಿಗೇ ಅಷ್ಟು ಹೊತ್ತು ನಿಲ್ಲುವ ವ್ಯವಧಾನವಿರುವುದಿಲ್ಲ.

ಆ ಟ್ಯೂಬು ಎರಡು ದಿನದಲ್ಲಿ ತುರಿಕೆಯನ್ನು ನಿಲ್ಲಿಸುತ್ತದೆ. ಅದೇ ಅದರ ಗುಣ, ಅದೇ ಅದರ ಅಪಾಯ. ಇಂತಹ ಲೇಪನಗಳನ್ನು ವಿಜ್ಞಾನಿಗಳು ಹೇಗೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆಗೂ ನಾವು ಮನೆಯಲ್ಲಿ ‘ಹಚ್ಚಿ ನೋಡುವ’ ಪರೀಕ್ಷೆಗೂ ಇರುವ ಅಂತರವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೈಗೆ ಲೇಪನ ಹಚ್ಚುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಅಭ್ಯಂಗ, ವಿಲೇಪನಗಳಿಗೆಂದೇ ಪ್ರತ್ಯೇಕ ಭಾಗಗಳಿವೆ. ಅದೇ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣ ಎಂಬ ವಚನಕಾರನಿದ್ದನು. ವೈದ್ಯವೃತ್ತಿಯೇ ಅವನ ಕಾಯಕ. ಮದ್ದು ಹೇಳುವವರಿಗೆ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಆ ಮದ್ದನ್ನು ಅಳೆದು ನೋಡುವ ವಿಧಾನ ಮಾತ್ರ ತೀರ ಈಚಿನದು.

ಅಳತೆಗೆ ಸಿಗದ ಬಾಧೆ

ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಯಂತ್ರವಿದೆ. ತುರಿಕೆಗೆ ಅಂತಹ ಯಾವ ಸಾಧನವೂ ಇಲ್ಲ. 1660ರಲ್ಲಿ ಜರ್ಮನಿಯ ವೈದ್ಯ ಸ್ಯಾಮುವೆಲ್ ಹಾಫೆನ್‌ರೆಫರ್ ‘ಕೆರೆದುಕೊಳ್ಳಬೇಕೆಂಬ ಬಯಕೆ ಹುಟ್ಟಿಸುವ ಅಹಿತಕರ ಅನುಭವ’ ಎಂಬ ಅರ್ಥದ ವ್ಯಾಖ್ಯೆ ನೀಡಿದ. ಇಂದಿಗೂ ಅದಕ್ಕಿಂತ ಉತ್ತಮ ವ್ಯಾಖ್ಯೆ ದೊರೆತಿಲ್ಲ. ಆದ್ದರಿಂದ ಪರೀಕ್ಷಕರು ರೋಗಿಯನ್ನೇ ಕೇಳುತ್ತಾರೆ: ತುರಿಕೆಯೇ ಇಲ್ಲದಿದ್ದರೆ ಸೊನ್ನೆ, ಊಹಿಸಬಹುದಾದ ಅತ್ಯಂತ ಕೆಟ್ಟ ತುರಿಕೆಗೆ ಹತ್ತು, ಕಳೆದ 24 ಗಂಟೆಗಳಲ್ಲಿ ನಿಮ್ಮದು ಎಷ್ಟಕ್ಕೆ ಏರಿತ್ತು? ಈ ಅಂಕ ಕನಿಷ್ಠ ನಾಲ್ಕರಷ್ಟು ಇಳಿದರೆ ಮಾತ್ರ ರೋಗಿಗೆ ನಿಜವಾದ ಉಪಶಮನವಾಯಿತೆಂದು ಇತ್ತೀಚಿನ ದೊಡ್ಡ ಪರೀಕ್ಷೆಗಳು ಪರಿಗಣಿಸುತ್ತವೆ.

ಈ ಅಂಕ ಮನಸ್ಸಿನ ಮಾತನ್ನು ಬಹಳ ಕೇಳುತ್ತದೆ ಎಂಬುದೇ ತೊಡಕು. ಜರ್ಮನಿಯ ಸಂಶೋಧಕರು ಸಾರ್ವಜನಿಕ ಉಪನ್ಯಾಸವೊಂದನ್ನು ಏರ್ಪಡಿಸಿ, ಸಭಿಕರಿಗೆ ಹೇನು, ಉಣ್ಣಿ, ಚರ್ಮದ ಗುಳ್ಳೆಗಳ ಚಿತ್ರಗಳನ್ನು ತೋರಿಸಿದರು. ಕುಳಿತವರಲ್ಲಿ ತುರಿಕೆ ಏರಿತು, ಕೆರೆದುಕೊಳ್ಳುವುದೂ ಹೆಚ್ಚಿತು. 2000ದಲ್ಲಿ ಪ್ರಕಟವಾದ ಅಧ್ಯಯನವದು. ಈ ಸಾಲುಗಳನ್ನು ಓದುವಾಗ ನಿಮ್ಮ ಕೈ ಕತ್ತಿನ ಕಡೆಗೆ ಹೋಗಿದ್ದರೆ ಅದೇನೂ ಅಚ್ಚರಿಯಲ್ಲ.

ಹೇಳಿದ ಮಾತ್ರಕ್ಕೆ ಏರುವ ತುರಿಕೆ, ಹೇಳಿದ ಮಾತ್ರಕ್ಕೆ ಇಳಿಯಲೂಬಲ್ಲದು. ಇಸಬು, ಸೋರಿಯಾಸಿಸ್, ಪಿತ್ತಗಂಧೆಗಳ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಔಷಧವೇ ಇಲ್ಲದ ಹುಸಿ ಚಿಕಿತ್ಸೆ ಪಡೆದವರಲ್ಲಿಯೂ ತುರಿಕೆ ಸುಮಾರು ಕಾಲುಭಾಗದಷ್ಟು ತಗ್ಗಿದ್ದು ಕಂಡುಬಂದಿದೆ. ಹೀಗಿರುವಾಗ ‘ನನಗೆ ಹಚ್ಚಿದೆ, ಕಡಿಮೆಯಾಯಿತು’ ಎಂಬ ಒಬ್ಬರ ಮಾತಿನಿಂದ ಮುಲಾಮಿನ ಗುಣ ಸಾಬೀತಾಗುವುದಿಲ್ಲ. ಮಾತು ಸುಳ್ಳೆಂದಲ್ಲ. ಕಡಿಮೆಯಾದದ್ದು ನಿಜ, ಯಾವುದರಿಂದ ಎಂಬುದು ಗೊತ್ತಿಲ್ಲ, ಅಷ್ಟೆ.

ಮುಲಾಮಿನ ವಿಷಯದಲ್ಲಿ ಇನ್ನೊಂದು ಗಂಟು ಇದೆ. ಔಷಧವನ್ನು ಕಲಸಿರುವ ಬೆಣ್ಣೆಯಂತಹ ತಳದ್ರವ್ಯ ತಾನೇ ಚರ್ಮವನ್ನು ಮೃದುಗೊಳಿಸಿ, ತಂಪು ನೀಡಿ ತುರಿಕೆಯನ್ನು ತಗ್ಗಿಸುತ್ತದೆ. ಸಂಶೋಧಕರು ಇದಕ್ಕೆ ‘ವೆಹಿಕಲ್’ ಎನ್ನುತ್ತಾರೆ. ಆದ್ದರಿಂದ ಸರಿಯಾದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಔಷಧವಿರುವ ಕ್ರೀಮು, ಇನ್ನೊಂದು ಗುಂಪಿಗೆ ಅದೇ ಬಣ್ಣ, ಅದೇ ವಾಸನೆಯ, ಔಷಧವಿಲ್ಲದ ಕ್ರೀಮು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಹಚ್ಚಿಕೊಳ್ಳುವವರಿಗೂ ನೋಡುವ ವೈದ್ಯರಿಗೂ ಅದು ತಿಳಿದಿರುವುದಿಲ್ಲ. ಇಸಬಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಪಡೆದ ರುಕ್ಸೊಲಿಟಿನಿಬ್ ಕ್ರೀಮಿನ ಎರಡು ಪರೀಕ್ಷೆಗಳಲ್ಲಿ, ಎಂಟು ವಾರಗಳ ಬಳಿಕ ತುರಿಕೆಯ ಅಂಕ ನಾಲ್ಕು ಅಥವಾ ಹೆಚ್ಚು ಇಳಿದವರು ಔಷಧದ ಗುಂಪಿನಲ್ಲಿ ಶೇಕಡಾ 50ರ ಆಸುಪಾಸು, ಬರೀ ಕ್ರೀಮಿನ ಗುಂಪಿನಲ್ಲಿ ಶೇಕಡಾ 15-16. ಆ ಎರಡರ ನಡುವಿನ ಅಂತರವೇ ಔಷಧದ ನಿಜವಾದ ಗಳಿಕೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಹದಿನೈದನ್ನೂ ಔಷಧದ ಖಾತೆಗೇ ಜಮಾ ಮಾಡುತ್ತಿದ್ದೆವು.

ಕೆಲವೊಮ್ಮೆ ಒಬ್ಬನೇ ವ್ಯಕ್ತಿಯ ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಹಚ್ಚಿ ಹೋಲಿಸುವುದೂ ಉಂಟು. ಚರ್ಮದ ಔಷಧಗಳಿಗೆ ಇರುವ ಅನುಕೂಲವಿದು.

ನಸುಗುನ್ನಿ ಕಾಯಿಯ ಕೊಡುಗೆ

ತುರಿಕೆಯಿಲ್ಲದವರಲ್ಲಿ ತುರಿಕೆಯನ್ನು ಬೇಕೆಂದೇ ಹುಟ್ಟಿಸಿ, ಆಮೇಲೆ ಮುಲಾಮನ್ನು ಒರೆಗೆ ಹಚ್ಚುವ ವಿಧಾನವೂ ಇದೆ. ಅದಕ್ಕೆ ಬಳಸುವ ಸಾಮಗ್ರಿಗಳಲ್ಲಿ ಒಂದು ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿ. ಇದರ ಕಾಯಿಯ ಮೇಲಿನ ಕಂದು ಮುಳ್ಳುರೋಮ ಮೈಗೆ ತಾಗಿದರೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಶಾಲೆಯ ಬೆಂಚಿನ ಮೇಲೆ ಅದನ್ನು ಉದುರಿಸಿ ಪೆಟ್ಟು ತಿಂದವರು ಪ್ರತಿ ಊರಿನಲ್ಲೂ ಇದ್ದಾರೆ. ಇಂಗ್ಲಿಷಿನವರು ಇದನ್ನು ‘ಕೌಹೇಜ್’ ಎನ್ನುತ್ತಾರೆ. ಹಿಂದಿಯ ‘ಕಿವಾಂಚ್’ ಅವರ ಬಾಯಲ್ಲಿ ಹಾಗಾಯಿತು. ಹಸುವಿಗೂ ಅದಕ್ಕೂ ಸಂಬಂಧವಿಲ್ಲ.

ಅಮೆರಿಕದ ವಾಲ್ಟರ್ ಶೆಲ್ಲಿ ಮತ್ತು ರಾಬರ್ಟ್ ಆರ್ಥರ್ ಈ ರೋಮದಲ್ಲಿರುವ ಪ್ರೋಟೀನ್ ಸೀಳುವ ಕಿಣ್ವವೇ ತುರಿಕೆಗೆ ಕಾರಣವೆಂದು 1955ರಲ್ಲಿ ತೋರಿಸಿ, ಅದಕ್ಕೆ ಮ್ಯೂಕುನೇನ್ ಎಂದು ಹೆಸರಿಟ್ಟರು. ಅದುವರೆಗೆ ತುರಿಕೆ ಎಂದರೆ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸ ಎಂಬ ತಿಳಿವಳಿಕೆಯೇ ಪ್ರಬಲವಾಗಿತ್ತು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಿಸ್ಟಮಿನ್ ತಡೆಯುವ ಡಾಕ್ಸೆಪಿನ್ ಕ್ರೀಮನ್ನು ಸ್ವಯಂಸೇವಕರ ತೋಳಿಗೆ ಮೊದಲೇ ಹಚ್ಚಿದರು. ಬಳಿಕ ಹಿಸ್ಟಮಿನ್ ತಾಗಿಸಿದರೆ ತುರಿಕೆ ಬರಲಿಲ್ಲ. ನಸುಗುನ್ನಿ ರೋಮ ತಾಗಿಸಿದರೆ ಬಂದೇ ಬಂದಿತು. ಅಂದರೆ ತುರಿಕೆಯ ಸುದ್ದಿ ಮಿದುಳಿಗೆ ತಲುಪಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಪಿತ್ತಗಂಧೆಯನ್ನು ಚೆನ್ನಾಗಿ ತಗ್ಗಿಸುವ ಅಲರ್ಜಿ ಮಾತ್ರೆ ಇಸಬಿನ ತುರಿಕೆಗೆ ಅಷ್ಟಾಗಿ ಏಕೆ ನಾಟುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಒಂದೇ ಟ್ಯೂಬು ಎಲ್ಲ ಕಡಿತಕ್ಕೂ ಎಂಬ ನಂಬಿಕೆ ಸೋಲುವುದೂ ಇಲ್ಲಿಯೇ.

ಮೆಂಥಾಲ್ ಅಥವಾ ಪುದೀನ ಸತ್ವವಿರುವ ಲೇಪನಗಳು ಬೇರೆ ಉಪಾಯ ಹೂಡುತ್ತವೆ. ಅವು ಚರ್ಮದ ತಂಪು ಅರಿಯುವ ನರತುದಿಗಳನ್ನು ಕೆಣಕಿ, ತಂಪಿನ ಸುದ್ದಿಯಿಂದ ತುರಿಕೆಯ ಸುದ್ದಿಯನ್ನು ಮುಚ್ಚಿಹಾಕುತ್ತವೆ. ಕ್ಯಾಲಮೈನಿನ ಗುಲಾಬಿ ನೀರು ಆರಿದಂತೆ ತಂಪೆನಿಸುತ್ತದೆ; ಅದರಲ್ಲಿರುವುದು ಸತುವಿನ ಆಕ್ಸೈಡು, ಬಣ್ಣಕ್ಕೆ ಅಲ್ಪ ಕಬ್ಬಿಣದ ಆಕ್ಸೈಡು. ಇವು ಸ್ವಲ್ಪ ಹೊತ್ತಿನ ನೆಂಟರು, ಹಾನಿ ಕಡಿಮೆ.

ಎರಡು ದಿನದ ಜಾದೂ

ಈಗ ಅಂಗಡಿಯ ಟ್ಯೂಬಿನ ಮಾತಿಗೆ ಬರೋಣ. ಅದರ ಜಾದೂ ಇರುವುದು ಸ್ಟೀರಾಯ್ಡಿನಲ್ಲಿ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಹಚ್ಚಿದರೆ ಇಸಬು ತಗ್ಗುತ್ತದೆಂದು ವರದಿ ಮಾಡಿದರು. ಚರ್ಮವೈದ್ಯದ ಚರಿತ್ರೆಯಲ್ಲಿ ಅದೊಂದು ದೊಡ್ಡ ತಿರುವು. ಲಕ್ಷಾಂತರ ಜನ ಅದರಿಂದ ನೆಮ್ಮದಿಯ ನಿದ್ದೆ ಕಂಡಿದ್ದಾರೆ. ಹತ್ತು ವರ್ಷಗಳ ನಂತರ, 1962ರಲ್ಲಿ, ಮೆಕೆಂಜಿ ಮತ್ತು ಸ್ಟೌಟನ್ ಈ ಔಷಧಗಳ ಬಲವನ್ನು ಅಳೆಯಲು ಸರಳ ವಿಧಾನವೊಂದನ್ನು ಕಂಡುಹಿಡಿದರು. ಆರೋಗ್ಯವಂತರ ಮುಂಗೈಗೆ ಸ್ಟೀರಾಯ್ಡ್ ಹಚ್ಚಿದರೆ ಅಲ್ಲಿನ ಸಣ್ಣ ರಕ್ತನಾಳಗಳು ಕುಗ್ಗಿ ಚರ್ಮ ಬಿಳಿಚುತ್ತದೆ. ಹೆಚ್ಚು ಬಿಳಿಚಿದರೆ ಹೆಚ್ಚು ಬಲ. ಇದೇ ಪರೀಕ್ಷೆಯ ಸುಧಾರಿತ ರೂಪ ಇಂದಿಗೂ ಬಳಕೆಯಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಪರೀಕ್ಷೆ ಔಷಧದ ಬಲವನ್ನು ಹೇಳುತ್ತದೆಯೇ ಹೊರತು ಅದು ನಿಮ್ಮ ರೋಗಕ್ಕೆ ತಕ್ಕುದೇ ಎಂಬುದನ್ನು ಹೇಳುವುದಿಲ್ಲ.

ಬಲದ ಏಣಿಯಲ್ಲಿ ಹೈಡ್ರೊಕಾರ್ಟಿಸೋನ್ ಕೆಳಗಿನ ಮೆಟ್ಟಿಲಾದರೆ ಕ್ಲೋಬೆಟಸಾಲ್ ತುತ್ತತುದಿ; ಎರಡರ ನಡುವೆ ನೂರಾರು ಪಟ್ಟು ಅಂತರ. ಕ್ಲೋಬೆಟಸಾಲನ್ನು ಸತತ ಎರಡು ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಮಿಗಿಂತ ಹೆಚ್ಚು ಹಚ್ಚಬಾರದೆಂದು ಅದರ ಮಾಹಿತಿ ಪತ್ರವೇ ಹೇಳುತ್ತದೆ. ಮುಖ, ಕಂಕುಳು, ತೊಡೆಸಂದಿಯ ತೆಳು ಚರ್ಮ ಅದನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಇಂತಹ ಕ್ಲೋಬೆಟಸಾಲಿನ ಜೊತೆಗೆ ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಕ್ಕೊಂದು, ಮತ್ತೊಂದಕ್ಕೊಂದು ಎಂದು ಮೂರು ನಾಲ್ಕು ಔಷಧಗಳನ್ನು ಕಲಸಿದ ಟ್ಯೂಬುಗಳು ನಮ್ಮ ದೇಶದ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಮಾರಾಟವಾದವು. ಯಾವ ರೋಗ ಎಂದು ತಿಳಿಯದವರಿಗೆ ‘ಯಾವುದಾದರೂ ಒಂದು ತಾಗುತ್ತದೆ’ ಎಂಬ ಲೆಕ್ಕಾಚಾರ.

ತುರಿಕೆಗೆ ಮೂಲ ಹುಳುಕಡ್ಡಿಯಾಗಿದ್ದರೆ ಈ ಲೆಕ್ಕ ತಿರುಗುಬಾಣವಾಗುತ್ತದೆ. ನಮ್ಮಲ್ಲಿ ಗಜಕರ್ಣವೆಂದೂ ಕರೆಯುವ ಇದು ಶಿಲೀಂಧ್ರದ ಸೋಂಕು. ತುರಿಕೆ, ಕೆಂಪು, ಉಬ್ಬಿದ ಅಂಚು ಇವೆಲ್ಲ ದೇಹ ಆ ಶಿಲೀಂಧ್ರದ ವಿರುದ್ಧ ಹೂಡಿದ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ಮಲಗಿಸುತ್ತದೆ. ಎರಡು ಮೂರು ದಿನದಲ್ಲಿ ಕೆಂಪು ಮಾಯ, ತುರಿಕೆ ಮಾಯ. ಶಿಲೀಂಧ್ರ ಮಾತ್ರ ಅಡ್ಡಿಯಿಲ್ಲದೆ ಹಬ್ಬುತ್ತಿರುತ್ತದೆ. ಟ್ಯೂಬು ಮುಗಿದ ವಾರದಲ್ಲಿ ಮೊದಲು ರೂಪಾಯಿ ಅಗಲವಿದ್ದದ್ದು ಅಂಗೈ ಅಗಲವಾಗಿ ಮರಳುತ್ತದೆ, ರೋಗಿ ಇನ್ನೊಂದು ಟ್ಯೂಬು ಕೊಳ್ಳುತ್ತಾನೆ. ಗುರುತೇ ಸಿಗದಂತೆ ವೇಷ ಮರೆಸಿದ ಈ ಹುಳುಕಡ್ಡಿಗೆ 1968ರಲ್ಲಿಯೇ ಬ್ರಿಟನ್ನಿನ ವೈದ್ಯರು ‘ಟೀನಿಯ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟಿದ್ದರು.

ಈ ವರದಿಗಾರನೂ ಆ ದಾರಿಯನ್ನು ನಡೆದವನೇ. ಮಳೆಗಾಲದಲ್ಲಿ ಸೊಂಟಪಟ್ಟಿಯ ಕೆಳಗೆ ಎದ್ದ ವೃತ್ತವೊಂದಕ್ಕೆ ಬಂಧುವೊಬ್ಬರು ಅರ್ಧ ಬಳಸಿದ ಟ್ಯೂಬು ಕೊಟ್ಟರು. ಮೂರನೇ ದಿನ ಅವರಿಗೆ ಫೋನು ಮಾಡಿ ಧನ್ಯವಾದ ಹೇಳಿದ್ದೂ ಆಯಿತು. ಎರಡು ತಿಂಗಳ ಬಳಿಕ ತೊಡೆಯವರೆಗೆ ಹಬ್ಬಿದ್ದನ್ನು ನೋಡಿದ ಚರ್ಮತಜ್ಞರು ಮೊದಲು ಕೇಳಿದ್ದು ಆ ಟ್ಯೂಬನ್ನು. ಆಮೇಲೆ ಆರು ವಾರದ ಚಿಕಿತ್ಸೆ ಬೇಕಾಯಿತು. ಚರ್ಮದ ಮೇಲೆ ಉಳಿದ ಬಿಳಿ ಗೀರುಗಳು ಈಗಲೂ ಇವೆ, ಅವು ಹೋಗುವಂಥವಲ್ಲ.

ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಗಳಿಗಾಗಿ ಬಂದ 2,926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ತಿಳಿದುಬಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ತುರಿಕೆಗೆ ತಂದ ಟ್ಯೂಬು ಮೊಡವೆಗೆ, ಮೊಡವೆಯಿಂದ ಬಣ್ಣ ಬೆಳಗಾಗಲು, ಹೀಗೆ ಮನೆಯೊಳಗೆ ಕೈಯಿಂದ ಕೈಗೆ ದಾಟುತ್ತದೆ.

ಕಾನೂನು ತಡವಾಗಿ ಎಚ್ಚೆತ್ತಿತು. 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 344 ಮಿಶ್ರ ಔಷಧಗಳಲ್ಲಿ ಇಂತಹ ಕೆಲವು ಕ್ರೀಮುಗಳೂ ಇದ್ದವು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರಿನಲ್ಲಿ ನಿಷೇಧವನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ಮರುಪರಿಶೀಲನೆ ನಡೆದು 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳನ್ನು ನಿಷೇಧಿಸಲಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಹಚ್ಚುವ 14 ಸ್ಟೀರಾಯ್ಡುಗಳನ್ನು ‘ಎಚ್’ ಅನುಸೂಚಿಯ ಪೂರ್ಣ ವ್ಯಾಪ್ತಿಗೆ ತರಲಾಯಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದಕ್ಕೂ ಮುನ್ನ ಹೊರಲೇಪನ ಎಂಬ ಕಾರಣಕ್ಕೆ ಅವುಗಳಿಗೆ ವಿನಾಯಿತಿ ಇತ್ತು. ಕಾಗದದ ಮೇಲಿನ ಈ ನಿಯಮ ತಾಲ್ಲೂಕು ಕೇಂದ್ರದ ಗಲ್ಲಾಪೆಟ್ಟಿಗೆಯವರೆಗೆ ಎಷ್ಟರಮಟ್ಟಿಗೆ ತಲುಪಿದೆ ಎಂಬುದನ್ನು ಓದುಗರೇ ತಮ್ಮ ಬೀದಿಯ ಅಂಗಡಿಯಲ್ಲಿ ಕಂಡುಕೊಳ್ಳಬಹುದು.

ಈ ನಡುವೆ ಶಿಲೀಂಧ್ರವೂ ಸುಮ್ಮನೆ ಕುಳಿತಿಲ್ಲ. ಭಾರತ ಉಪಖಂಡದಲ್ಲಿ ಹಬ್ಬಿರುವ, ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಹಲವೊಮ್ಮೆ ಜಗ್ಗದ ಪ್ರಭೇದವೊಂದನ್ನು ಜಪಾನಿನ ಸಂಶೋಧಕರು 2020ರಲ್ಲಿ ಗುರುತಿಸಿ ‘ಟ್ರೈಕೊಫೈಟಾನ್ ಇಂಡೊಟೀನಿಯೆ’ ಎಂದು ಕರೆದರು. 2023ರಲ್ಲಿ ಅಮೆರಿಕವೂ ತನ್ನ ಮೊದಲ ಪ್ರಕರಣಗಳನ್ನು ವರದಿ ಮಾಡಿತು. ಸ್ಟೀರಾಯ್ಡ್ ಮಿಶ್ರಣಗಳ ಮನಬಂದ ಬಳಕೆ ಇದಕ್ಕೆ ಇಂಬು ಕೊಟ್ಟಿದೆ ಎಂಬುದು ಭಾರತದ ಚರ್ಮತಜ್ಞರ ಬಹುದಿನದ ಆರೋಪ.

ಹುಳುಕಡ್ಡಿಯ ಔಷಧವನ್ನು ಪರೀಕ್ಷಿಸುವವರು ಆದ್ದರಿಂದಲೇ ತುರಿಕೆಯ ಅಂಕವೊಂದನ್ನೇ ನಂಬುವುದಿಲ್ಲ. ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರದ ಎಳೆ ಕಾಣಬಾರದು, ಪ್ರಯೋಗಾಲಯದಲ್ಲಿ ಬೆಳೆಸಿದರೂ ಬೆಳೆಯಬಾರದು. ಚಿಕಿತ್ಸೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೂ ಹಾಗೆಯೇ ಇರಬೇಕು. ನಿಲ್ಲಿಸಿದ ಮೇಲೆ ಏನಾಯಿತು ಎಂಬ ಈ ಕೊನೆಯ ಪ್ರಶ್ನೆಯನ್ನು ಅಂಗಡಿಯ ಟ್ಯೂಬಿಗೆ ನಾವು ಕೇಳುವುದೇ ಇಲ್ಲ. ಚರ್ಮತಜ್ಞರು ಶಿಲೀಂಧ್ರದ ಮುಲಾಮು ಕೊಡುವಾಗ ಎರಡರ ಲೆಕ್ಕ ಹೇಳುವುದುಂಟು: ದಿನಕ್ಕೆ ಎರಡು ಬಾರಿ, ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ, ಕಲೆ ಮಾಯವಾದ ಬಳಿಕ ಇನ್ನೂ ಎರಡು ವಾರ.

ಕಜ್ಜಿಯಲ್ಲಿ ತಿರುವುಮುರುವು

ಹುಳುಕಡ್ಡಿಯಲ್ಲಿ ತುರಿಕೆ ನಿಂತರೂ ರೋಗ ಉಳಿದಿರುತ್ತದೆ. ಕಜ್ಜಿಯಲ್ಲಿ ರೋಗ ಹೋದರೂ ತುರಿಕೆ ಉಳಿದಿರುತ್ತದೆ. ಚರ್ಮದಲ್ಲಿ ಬಿಲ ಕೊರೆಯುವ ಕಣ್ಣಿಗೆ ಕಾಣದಂತಹ ನುಸಿಯಿಂದ ಬರುವ ಈ ರೋಗದಲ್ಲಿ, ನುಸಿ ಸತ್ತ ಮೇಲೂ ಅದರ ಅವಶೇಷಗಳಿಗೆ ದೇಹ ಒಗ್ಗದೆ ಎರಡರಿಂದ ನಾಲ್ಕು ವಾರ ತುರಿಕೆ ಮುಂದುವರಿಯಬಹುದು. ಮದ್ದು ನಾಟಲಿಲ್ಲವೆಂದು ದಿನವೂ ಹಚ್ಚಿ ಚರ್ಮ ಸುಟ್ಟುಕೊಂಡವರಿದ್ದಾರೆ. ಅದನ್ನು ಬಿಟ್ಟು ಸ್ಟೀರಾಯ್ಡ್ ಟ್ಯೂಬಿಗೆ ಮೊರೆಹೋದವರೂ ಇದ್ದಾರೆ.

ಕಜ್ಜಿಯ ಬಗ್ಗೆ ಗೊತ್ತಿರುವ ಎಷ್ಟೋ ಸಂಗತಿ ಎರಡನೇ ಮಹಾಯುದ್ಧ ಕಾಲದ ವಿಚಿತ್ರ ಪ್ರಯೋಗವೊಂದರಿಂದ ಬಂದದ್ದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1941ರಿಂದ ಕೆನ್ನೆತ್ ಮೆಲನ್‌ಬಿ ಎಂಬ ಕೀಟವಿಜ್ಞಾನಿ, ಯುದ್ಧ ಮಾಡಲೊಪ್ಪದ ಶಾಂತಿವಾದಿ ಯುವಕರನ್ನು ಸ್ವಯಂಸೇವಕರಾಗಿ ಸೇರಿಸಿಕೊಂಡ. ಕಜ್ಜಿ ಹಿಡಿದ ಸೈನಿಕರ ಒಗೆಯದ ಒಳಉಡುಪು ತೊಟ್ಟು, ಅವರ ಕಂಬಳಿ ಹೊದ್ದು ಮಲಗುವುದು ಅವರ ಕೆಲಸ. ಬಹುಪಾಲು ಜನರಿಗೆ ಏನೂ ಆಗಲಿಲ್ಲ. ರೋಗಿಯ ಪಕ್ಕದಲ್ಲಿಯೇ ಮಲಗಿದಾಗ ಮಾತ್ರ ಕಜ್ಜಿ ಅಂಟಿತು. ಮೊದಲ ಬಾರಿ ಅಂಟಿದವರಿಗೆ ತುರಿಕೆ ಶುರುವಾದದ್ದು ಸುಮಾರು ಒಂದು ತಿಂಗಳ ನಂತರ! ಅಂದರೆ ಮನೆಯಲ್ಲಿ ಒಬ್ಬರಿಗೆ ತುರಿಕೆ ಕಂಡಾಗ ಉಳಿದವರ ಮೈಯಲ್ಲಿ ಸದ್ದಿಲ್ಲದೆ ನುಸಿ ಇರಬಹುದು. ಮನೆಮಂದಿಯೆಲ್ಲ ಒಂದೇ ರಾತ್ರಿ, ತುರಿಕೆ ಇರಲಿ ಇಲ್ಲದಿರಲಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಮದ್ದು ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ ಹಚ್ಚಬೇಕು ಎನ್ನುವುದು ಇದೇ ಕಾರಣಕ್ಕೆ. ಒಬ್ಬನಿಗೆ ಮಾತ್ರ ಹಚ್ಚಿದರೆ ಟ್ಯೂಬಿನ ದುಡ್ಡು ನೀರಿಗೆ.

ಫಿಜಿ ದ್ವೀಪಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆ ಇದನ್ನು ಊರಿನ ಮಟ್ಟದಲ್ಲಿ ತೋರಿಸಿತು. ರೋಗ ಕಂಡವರಿಗೆ ಮತ್ತು ಅವರ ಸಂಪರ್ಕದವರಿಗೆ ಮಾತ್ರ ಪರ್ಮೆತ್ರಿನ್ ಕ್ರೀಮು ಕೊಟ್ಟ ಕಡೆ ಒಂದು ವರ್ಷದಲ್ಲಿ ಕಜ್ಜಿ ಶೇಕಡಾ 36.6ರಿಂದ 18.8ಕ್ಕೆ ಇಳಿದರೆ, ಎಲ್ಲರಿಗೂ ಐವರ್ಮೆಕ್ಟಿನ್ ಮಾತ್ರೆ ಕೊಟ್ಟ ಕಡೆ 32.1ರಿಂದ 1.9ಕ್ಕೆ ಇಳಿಯಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಹಳೆಯ ಬಿಳಿ ದ್ರವ ಬೆಂಜೈಲ್ ಬೆಂಜೋಯೇಟ್ ಮೂಲೆಗೆ ಸರಿದಿತ್ತು. ಅದನ್ನು ಪರ್ಮೆತ್ರಿನ್ ಜೊತೆ ಹೋಲಿಸಿ ಆಸ್ಟ್ರಿಯಾದ ವೈದ್ಯರು ನಡೆಸಿದ ಈಚಿನ ಪರೀಕ್ಷೆಯಲ್ಲಿ ಹಳೆಯದೇ ಬಹಳ ಮುಂದಿತ್ತು. ಅದು ಉರಿಸುತ್ತದೆ, ಮಕ್ಕಳಿಗೆ ನೀರು ಬೆರೆಸಿ ತೆಳುವಾಗಿಸಿ ಕೊಡುತ್ತಾರೆ. ಆದರೆ ಹೊಸದೆಲ್ಲ ಮೇಲು ಎಂಬ ಭ್ರಮೆಗೂ ಪರೀಕ್ಷೆ ಬೇಕೆಂಬುದಕ್ಕೆ ಇದೊಂದು ನಿದರ್ಶನ.

ಹೊಲದ ಬದುವಿನಿಂದ ಬರುವ ತುರಿಕೆ

ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಒಕ್ಕಲುತನದ ಸೀಮೆ. ತೊಗರಿ, ಕಡಲೆ, ಜೋಳ, ಕಬ್ಬು ಇಲ್ಲಿನ ಬದುಕು. ಕಡಲೆ ಗಿಡದ ಎಲೆಯ ಮೇಲಿನ ಹುಳಿಯಲ್ಲಿ ಮ್ಯಾಲಿಕ್ ಹಾಗೂ ಆಕ್ಸಾಲಿಕ್ ಆಮ್ಲಗಳಿರುತ್ತವೆ. ಗಿಡ ಕೀಳುವವರ ಕೈಕಾಲು ಉರಿದು ತುರಿಸುವುದು ಅದರಿಂದ. ಅದು ತೊಳೆದರೆ ಹೋಗುವ ಬಾಧೆ. ಬದುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಹಾಗಲ್ಲ. 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಗಿಡ ಕೆಲವೇ ವರ್ಷಗಳಲ್ಲಿ ದಖನ್ನಿನ ತುಂಬ ಹಬ್ಬಿತು. ಅದರಿಂದ ಬರುವ ಚರ್ಮದ ಉರಿಯೂತವನ್ನು 1974ರಲ್ಲಿ ವೈದ್ಯರು ವಿವರವಾಗಿ ದಾಖಲಿಸಿದರು. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಪೀಡೆಯ ಗಿಡವೆಂದು ಘೋಷಿಸಿತು. ಇದನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಗಿಡ ಇಂದಿಗೂ ಇದೆ.

ಇದರ ಒಣಗಿದ ಕಣ ಗಾಳಿಯಲ್ಲಿ ತೇಲಿ ಬಂದು ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ತುತ್ತಾಗುವವರಲ್ಲಿ ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರೇ ಹೆಚ್ಚು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಮುಲಾಮಲ್ಲ, ರೋಗಿಯ ಬೆನ್ನು. ಪ್ಯಾಚ್ ಪರೀಕ್ಷೆಯಲ್ಲಿ ಪಾರ್ಥೇನಿಯಂ ಸೇರಿದಂತೆ ಹತ್ತಾರು ವಸ್ತುಗಳ ಅಲ್ಪಾಂಶವನ್ನು ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನದ ನಂತರ ಎಲ್ಲಿ ಕೆಂಪಾಗಿ ಉಬ್ಬಿದೆ ಎಂದು ನೋಡುತ್ತಾರೆ. ಕಾರಣ ತಿಳಿದ ಮೇಲೆ ಸ್ಟೀರಾಯ್ಡ್ ಮುಲಾಮಿಗೆ ಇಲ್ಲಿ ನ್ಯಾಯವಾದ ಸ್ಥಾನವಿದೆ; ವೈದ್ಯರು ಬಲವನ್ನೂ ದಿನವನ್ನೂ ಗೊತ್ತುಪಡಿಸಿ ಕೊಡುತ್ತಾರೆ. ಅಳತೆಗೆ ಸುಲಭ ಉಪಾಯವೊಂದಿದೆ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಮನೆಮದ್ದೂ ಒರೆಗಲ್ಲೂ

ಬೇವು, ಅರಿಸಿನ, ಕೊಬ್ಬರಿ ಎಣ್ಣೆ ಇವುಗಳ ಮಾತೇನು? 1992ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಬೇವು ಮತ್ತು ಅರಿಸಿನವನ್ನು ಅರೆದು ಹಚ್ಚಿದ 814 ಕಜ್ಜಿ ರೋಗಿಗಳ ಪೈಕಿ ಶೇಕಡಾ 97 ಮಂದಿ 3ರಿಂದ 15 ದಿನದಲ್ಲಿ ಗುಣವಾದರೆಂದು ಹೇಳಲಾಗಿದೆ. ಸಂಖ್ಯೆ ದೊಡ್ಡದು, ಕೇಳಲು ಹಿತ. ಆದರೆ ಬೇರೆ ಏನನ್ನೋ ಹಚ್ಚಿದ ಹೋಲಿಕೆಯ ಗುಂಪು ಅದರಲ್ಲಿರಲಿಲ್ಲ. ಬೇವಿಗೆ ಗುಣವಿಲ್ಲವೆಂದು ಇದರರ್ಥವಲ್ಲ. ಆ ಪರೀಕ್ಷೆಯಿಂದ ಅದು ತಿಳಿಯಲಿಲ್ಲ ಎಂದರ್ಥ. ಕೊಬ್ಬರಿ ಎಣ್ಣೆಯ ಅದೃಷ್ಟ ಚೆನ್ನಾಗಿದೆ. ಇಸಬು ಇರುವ 117 ಮಕ್ಕಳ ಮೇಲೆ ಫಿಲಿಪೀನ್ಸಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಂಟು ವಾರ ತಾಜಾ ಕೊಬ್ಬರಿ ಎಣ್ಣೆ ಹಚ್ಚಿದವರ ರೋಗದ ಅಂಕ ಶೇಕಡಾ 68ರಷ್ಟು, ಖನಿಜ ಎಣ್ಣೆ ಹಚ್ಚಿದವರದು 38ರಷ್ಟು ಇಳಿಯಿತು. ಅತ್ತ ದುಬಾರಿ ಆಲಿವ್ ಎಣ್ಣೆ ಚರ್ಮದ ಹೊರಪದರವನ್ನು ದುರ್ಬಲಗೊಳಿಸುತ್ತದೆಂದು 2013ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಬೀದರ್ ಸೀಮೆಯ ಒಣ ಚಳಿಗಾಲದಲ್ಲಿ ಹಿರಿಯರ ಮೊಣಕಾಲ ಕೆಳಗಿನ ಬಿರುಕು, ತುರಿಕೆಗೆ ಸ್ನಾನವಾದ ಕೂಡಲೇ ಒದ್ದೆ ಮೈಗೆ ಸವರಿದ ಕೊಬ್ಬರಿ ಎಣ್ಣೆಯೇ ಅನೇಕ ವೇಳೆ ಸಾಕಾದೀತು.

ಹೊಸ ಲೇಪನ ಯಾವುದೇ ಇರಲಿ, ಮನೆಯಲ್ಲಿ ಮಾಡಬಹುದಾದ ಸಣ್ಣ ಪರೀಕ್ಷೆಯೊಂದಿದೆ. ಮೊಣಕೈ ಒಳಮಡಿಕೆಯ ಬಳಿ ಚೂರು ಜಾಗಕ್ಕೆ ದಿನಕ್ಕೆ ಎರಡು ಬಾರಿ, ಒಂದು ವಾರ ಹಚ್ಚಿ ನೋಡುವುದು. ಕೆಂಪಾದರೆ, ಗುಳ್ಳೆಯೆದ್ದರೆ ಅದು ನಿಮಗೆ ಒಗ್ಗದು. ಒಗ್ಗುತ್ತದೆ ಎಂದ ಮಾತ್ರಕ್ಕೆ ಗುಣಪಡಿಸುತ್ತದೆ ಎಂದಾಗದು. ಸ್ಟೀರಾಯ್ಡ್ ಟ್ಯೂಬು ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಆದ್ದರಿಂದ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. ಕ್ಲೋಬೆಟಸಾಲ್, ಬೆಟಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್.

ದದ್ದು, ಗುಳ್ಳೆ ಏನೂ ಇಲ್ಲದೆ ಮೈಯೆಲ್ಲ ತುರಿಸುತ್ತಿದ್ದರೆ, ಅದು ಆರು ವಾರ ದಾಟಿದರೆ, ಹಚ್ಚುವ ಮದ್ದಿನ ಹುಡುಕಾಟ ಬಿಟ್ಟು ರಕ್ತ ಪರೀಕ್ಷೆ ಮಾಡಿಸುವುದು ಲೇಸು. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ತೊಂದರೆಗಳು ತುರಿಕೆಯ ರೂಪದಲ್ಲಿ ಮೊದಲು ಕಾಣಿಸಿಕೊಳ್ಳುವುದುಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಾದರೆ ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೋಗಬಹುದು; ಹುಮನಾಬಾದಿನಿಂದ ಸುಮಾರು 50 ಕಿಲೋಮೀಟರ್.

ಪತ್ರಿಕೆಗಳಲ್ಲಿ ‘ಪರೀಕ್ಷಿತ’ ಎಂದು ಜಾಹೀರಾತಾಗುವ ಲೇಪನದ ಬಗ್ಗೆ ಅನುಮಾನವಿದ್ದರೆ ವಿಚಾರಿಸಲು ದಾರಿಯಿದೆ. ಭಾರತದಲ್ಲಿ ನಡೆಯುವ ಔಷಧ ಪರೀಕ್ಷೆಗಳನ್ನು ದಾಖಲಿಸುವ ಸಾರ್ವಜನಿಕ ನೋಂದಣಿ ಪುಸ್ತಕ 2007ರ ಜುಲೈನಲ್ಲಿ ಆರಂಭವಾಯಿತು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಯಾವುದೇ ಮುಲಾಮಿನಿಂದ ಚರ್ಮ ತೆಳುವಾಗುವುದು, ಉರಿಯುವುದು, ಗೀರು ಬೀಳುವುದು ಮೊದಲಾದ ಅಡ್ಡಪರಿಣಾಮವಾದರೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ರೋಗಿಯೇ ಕರೆ ಮಾಡಿ ತಿಳಿಸಬಹುದು. ಕರೆ ಮಾಡುವಾಗ ಟ್ಯೂಬು ಕೈಯಲ್ಲಿರಲಿ. ಅದರ ಮೇಲಿನ ಬ್ಯಾಚ್ ಸಂಖ್ಯೆಯನ್ನು ಕೇಳುತ್ತಾರೆ.